ಅವರು ಬಿಡದ ಗ್ಯಾಸು

ನಮ್ಮ ಯಜಮಾನರು ಫ್ರಿಜ್ ರಿಪೇರಿ ಮಾಡುತ್ತಿದ್ದರು. ಬೀದಿಯಲ್ಲಿ ಎಲ್ಲರೂ ಅವರನ್ನು ಗ್ಯಾಸಪ್ಪ ಅನ್ನುತ್ತಿದ್ದರು. ಆ ಹೆಸರು ಇಟ್ಟವನು ಎದುರಿನ ಸೈಕಲ್ ಅಂಗಡಿಯವನು. ಗೇಲಿಗೆ ಇಟ್ಟದ್ದು, ಅಂಟಿಕೊಂಡಿತು. ಅವರ ಹಿಂದೆ ನಾನೂ ಗ್ಯಾಸಮ್ಮ ಆದೆ. ಅವರು ತೀರಿಕೊಂಡರೂ ನಾನು ಗ್ಯಾಸಮ್ಮನೇ.

ಅಂಗಡಿ ಅಂದರೆ ಒಂದು ಉದ್ದನೆಯ ಬಾಡಿಗೆ ಕೋಣೆ. ಮುಂದೆ ಕಬ್ಬಿಣದ ಶಟರ್. ಹಿಂದೆ ಸಣ್ಣ ಅಂಗಳ, ಅದರಲ್ಲಿ ಒಂದು ನಲ್ಲಿ, ಒಂದು ಒಲೆ. ಕೋಣೆಯ ತುಂಬ ಹೊಟ್ಟೆ ಬಿಚ್ಚಿದ ಫ್ರಿಜ್ಜುಗಳು. ಗೋಡೆಗೆ ಒರಗಿಸಿದ ಬಾಗಿಲುಗಳು, ಸುರುಳಿ ಸುತ್ತಿದ ತಾಮ್ರದ ಪೈಪು, ಎಣ್ಣೆ ಹಿಡಿದ ಬಟ್ಟೆ. ಹಿಂದಿನ ಮೂಲೆಯಲ್ಲಿ ಸಾಲಾಗಿ ಸಿಲಿಂಡರುಗಳು. ನಾನು ಮುಂದೆ ಕೂತು ಬಾಗಿಲಿನ ರಬ್ಬರ್ ಹಾಕುತ್ತಿದ್ದೆ. ಫ್ರಿಜ್ಜಿನ ಬಾಗಿಲ ಸುತ್ತ ರಬ್ಬರ್ ಇರುತ್ತದಲ್ಲ, ಅದು. ಹಳೆಯದನ್ನು ಕಿತ್ತು, ಹೊಸದನ್ನು ಅಳತೆಗೆ ಕತ್ತರಿಸಿ, ಮೂಲೆಗಳನ್ನು ಬಿಸಿ ಮಾಡಿ ಅಂಟಿಸಬೇಕು. ಮೂಲೆ ಸರಿಯಾಗಿ ಕೂರದಿದ್ದರೆ ಎಲ್ಲ ದಂಡ. ಅದು ನನ್ನ ಕೆಲಸ. ಈಗಲೂ ಅದೇ.

ಫ್ರಿಜ್ಜಿನ ಪೈಪಿನೊಳಗೆ ಒಂದು ಗ್ಯಾಸು ಸುತ್ತುತ್ತಿರುತ್ತದೆ. ಒಳಗಿನ ಬಿಸಿಯನ್ನು ಹೊತ್ತು ತಂದು ಹೊರಗೆ ಹಾಕುವುದು ಅದೇ. ಫ್ರಿಜ್ಜಿನ ಬೆನ್ನು ಮುಟ್ಟಿದರೆ ಬೆಚ್ಚಗಿರುವುದು ಅದಕ್ಕೇ. ಪೈಪಿಗೆ ಬೆಸುಗೆ ಹಾಕಬೇಕಾದರೆ ಮೊದಲು ಆ ಗ್ಯಾಸು ತೆಗೆಯಬೇಕು. ತೆಗೆಯುವುದು ಅಂದರೆ ಎಲ್ಲ ಮೆಕ್ಯಾನಿಕ್‌ಗಳಿಗೂ ಒಂದೇ ಅರ್ಥ. ಪೈಪು ಕತ್ತರಿಸುವುದು. ಬುಸ್ಸ್ ಅನ್ನುತ್ತದೆ, ಮುಗಿಯಿತು. ಬಣ್ಣ ಇಲ್ಲ, ವಾಸನೆ ಇಲ್ಲ. ಯಾರಿಗೂ ಕೆಮ್ಮು ಬರುವುದಿಲ್ಲ. ಗಿಡ ಒಣಗುವುದಿಲ್ಲ, ಹಕ್ಕಿ ಬೀಳುವುದಿಲ್ಲ. ಗಿರಾಕಿ ದುಡ್ಡು ಕೊಟ್ಟು ಹೋಗುತ್ತಾನೆ.

ಇವರೂ ಮೊದಲು ಹಾಗೆಯೇ ಮಾಡುತ್ತಿದ್ದರು. ನಾನು ಮದುವೆಯಾಗಿ ಬಂದ ಹೊಸತರಲ್ಲಿ ದಿನವಿಡೀ ಆ ಬುಸ್ಸ್ ಕೇಳುತ್ತಿದ್ದೆ. ಹಾವಿನ ಹುತ್ತಕ್ಕೆ ಬಂದೆನೋ ಏನೋ ಅಂತ ನಗುತ್ತಿದ್ದೆ.

ಒಂದು ಸಲ ಫ್ರಿಜ್ ಕಂಪನಿಯವರು ಊರಿನ ಮೆಕ್ಯಾನಿಕ್‌ಗಳನ್ನೆಲ್ಲ ಕರೆಸಿ ಒಂದು ದಿನದ ಕ್ಲಾಸು ಮಾಡಿದರು. ಇವರೂ ಹೋದರು, ಇವರ ತಮ್ಮನೂ ಹೋದ. ನನ್ನ ಮೈದುನ ಅದೇ ಬೀದಿಯ ಇನ್ನೊಂದು ತುದಿಯಲ್ಲಿ ತನ್ನದೇ ರಿಪೇರಿ ಅಂಗಡಿ ಇಟ್ಟಿದ್ದ. ಇಬ್ಬರೂ ಸಂಜೆ ಒಟ್ಟಿಗೇ ಬಂದರು. ಮೈದುನ ಕಂಪನಿಯವರು ಕೊಟ್ಟ ಟೋಪಿ ಹಾಕಿಕೊಂಡು, ಅವರು ಹಾಕಿದ ಊಟ ಹೊಗಳುತ್ತಿದ್ದ. ಊಟಕ್ಕೆ ಕೂತಾಗ ಇವರು ಜೇಬಿನಿಂದ ಎರಡು ನಾಣ್ಯ ತೆಗೆದು ಒಂದರ ಮೇಲೊಂದು ಇಟ್ಟರು.

“ಇಷ್ಟೇ ಕಣೇ,” ಅಂದರು.

“ಏನು ಇಷ್ಟೇ?”

“ಮೇಲೆ ಆಕಾಶದಲ್ಲಿ ಒಂದು ಪದರ ಇದೆಯಂತೆ. ಬಿಸಿಲಲ್ಲಿ ಸುಡೋ ಅಂಶ ಇರುತ್ತಲ್ಲ, ಅದನ್ನ ತಡೆಯೋದು. ಅದನ್ನೆಲ್ಲ ಒಟ್ಟುಮಾಡಿ ಒತ್ತಿ ನೆಲದ ಮೇಲೆ ಹಾಸಿದರೆ ಇಷ್ಟು ದಪ್ಪ ಬರುತ್ತಂತೆ.”

“ನಮ್ಮ ಊರಿಗಾ?”

“ಇಡೀ ಭೂಮಿಗೆ.”

ನಾನು ನಾಣ್ಯ ನೋಡಿದೆ. ಮೇಲೆ ನೋಡಿದೆ. ಮೇಲೆ ನಮ್ಮ ಸೂರು ಇತ್ತು. ಅದೇ ನಾಣ್ಯಕ್ಕಿಂತ ದಪ್ಪ.

“ನಾವು ಬಿಡೋ ಗ್ಯಾಸು ಅದನ್ನ ತಿನ್ನುತ್ತಂತೆ,” ಅಂದರು. “ಇವತ್ತು ಬಿಟ್ಟರೆ ಇವತ್ತೇ ಅಲ್ಲ. ಅಲ್ಲಿಗೆ ಹತ್ತೋಕೆ ವರ್ಷಗಟ್ಟಲೆ ಬೇಕಂತೆ. ಹೋದಮೇಲೆ ನೂರು ವರ್ಷ ಅಲ್ಲೇ ಇರುತ್ತಂತೆ. ನೀನು ಬರೋಕೆ ಮೊದಲು ನಾನು ಬಿಟ್ಟಿದ್ದು ಇನ್ನೂ ದಾರಿಯಲ್ಲಿದೆ ಕಣೇ. ಇನ್ನೂ ಹತ್ತುತ್ತಾ ಇದೆ.”

ಆ ಮಾತು ನನ್ನ ಎದೆಯಲ್ಲಿ ಕೂತುಬಿಟ್ಟಿತು. ಒಂದು ಸಣ್ಣ ಬುಸ್ಸ್. ನಾವು ಊಟ ಮಾಡಿ, ಮಲಗಿ, ಎದ್ದು, ಮುದುಕರಾಗುತ್ತಿರುತ್ತೇವೆ. ಅದು ಹತ್ತುತ್ತಾ ಇರುತ್ತದೆ.

“ನಮಗೆ ಮಕ್ಕಳೇ ಇಲ್ಲ,” ಅಂದೆ. “ನೂರು ವರ್ಷದ ಮಾತು ನಮಗೆ ಯಾತಕ್ಕೆ?”

“ಯಾರದಾದರೂ ಇರ್ತಾವಲ್ಲ,” ಅಂದರು. ನಾಣ್ಯ ಜೇಬಿಗೆ ಹಾಕಿಕೊಂಡು ಕೈ ತೊಳೆಯಲು ಎದ್ದರು.

ಮಾರನೆಯ ವಾರ ಒಂದು ದೀಪ ತಂದರು. ಗ್ಯಾಸು ಎಲ್ಲಿ ಸೋರುತ್ತಿದೆ ಅಂತ ನೋಡುವ ದೀಪ. ಕೈಯಷ್ಟು ಉದ್ದ, ಮೇಲೆ ಸಣ್ಣ ಉರಿ, ಪಕ್ಕದಲ್ಲಿ ಗಾಳಿ ಎಳೆಯುವ ರಬ್ಬರ್ ಕೊಳವೆ. ಶಟರೂ ಹಿಂಬಾಗಿಲೂ ತೆರೆದಿಟ್ಟು ನನ್ನನ್ನು ಕರೆದರು.

“ಬಾರೇ. ಕಾಣದ್ದನ್ನ ತೋರಿಸ್ತೀನಿ.”

ಉರಿ ನೀಲಿಯಾಗಿತ್ತು. ಕೊಳವೆಯ ತುದಿಯನ್ನು ಒಂದು ಹಳೇ ಫ್ರಿಜ್ಜಿನ ಪೈಪಿನ ಉದ್ದಕ್ಕೂ ಮೆಲ್ಲಗೆ ಓಡಿಸಿದರು. ನೀಲಿ, ನೀಲಿ, ನೀಲಿ. ಒಂದು ಬೆಸುಗೆಯ ಹತ್ತಿರ ಬಂದ ಕೂಡಲೇ ಉರಿ ಹಸಿರಾಯಿತು. ಎಳೇ ಎಲೆಯ ಹಸಿರಲ್ಲ. ಗಾಜಿನ ಬಾಟಲಿಯನ್ನು ಬಿಸಿಲಿಗೆ ಹಿಡಿದರೆ ಬರುತ್ತದಲ್ಲ, ಆ ಹಸಿರು. ಕೊಳವೆ ಹಿಂದೆ ತೆಗೆದರು, ನೀಲಿ. ಮುಂದೆ ಇಟ್ಟರು, ಹಸಿರು. ಆ ಜಾಗದಲ್ಲಿ ನಾನು ಕೈ ಇಟ್ಟೆ. ಏನೂ ತಾಗಲಿಲ್ಲ. ಮೂಗು ಇಟ್ಟೆ. ಏನೂ ಇಲ್ಲ. ಏನೂ ಇಲ್ಲದ ಜಾಗದಲ್ಲಿ ಉರಿ ಬಣ್ಣ ಬದಲಿಸುತ್ತಿತ್ತು.

ಅವತ್ತಿನಿಂದ ಇವರು ಗ್ಯಾಸು ಬಿಡುವುದನ್ನು ನಿಲ್ಲಿಸಿದರು.

ಗ್ಯಾಸು ಹಿಡಿದುಕೊಳ್ಳುವುದಕ್ಕೆ ಒಂದು ಮಿಶಿನ್ ಇದೆ. ಅದರ ಬೆಲೆ ಕೇಳಿ ಬಂದು ನೀರು ಕುಡಿದರು. ಆಮೇಲೆ ತಮ್ಮದೇ ದಾರಿ ಮಾಡಿಕೊಂಡರು. ಬಿಸಿ ಕಡೆಯಿಂದ ತಣ್ಣನೆ ಕಡೆಗೆ ಹೋಗುವುದು ಈ ಗ್ಯಾಸಿನ ಗುಣ. ಒಂದು ಖಾಲಿ ಸಿಲಿಂಡರ್ ತೆಗೆದುಕೊಂಡು, ಪಂಪು ಹಾಕಿ ಅದರೊಳಗಿನ ಗಾಳಿಯನ್ನೂ ಎಳೆದು ತೆಗೆಯುತ್ತಿದ್ದರು. ಬರೀ ಖಾಲಿ ಅಲ್ಲ, ಗಾಳಿಯೂ ಇಲ್ಲದ ಖಾಲಿ. ಅದನ್ನು ದೊಡ್ಡ ಬಕೆಟ್ಟಿನಲ್ಲಿ ಐಸಿನ ನಡುವೆ ನಿಲ್ಲಿಸಿ ಮೇಲೆ ಕಲ್ಲುಪ್ಪು ಸುರಿಯುತ್ತಿದ್ದರು. ಅಲ್ಲಿಂದ ಫ್ರಿಜ್ಜಿಗೆ ಒಂದು ಪೈಪು. ಫ್ರಿಜ್ಜಿನ ಬೆನ್ನಿಗೆ, ಕಂಪ್ರೆಸರಿಗೆ ಬಿಸಿನೀರಲ್ಲಿ ಹಿಂಡಿದ ಬಟ್ಟೆ ಸುತ್ತಬೇಕು. ಆರಿದರೆ ಇನ್ನೊಂದು. ಅದೂ ಆರಿದರೆ ಇನ್ನೊಂದು. ಬಿಸಿನೀರು ನನ್ನದು. ಒಲೆ ಅಂಗಳ ದಾಟಬಾರದು ಅನ್ನುವುದು ಅವರ ಕಟ್ಟಪ್ಪಣೆ. ಆ ಗ್ಯಾಸು ದೊಡ್ಡ ಉರಿಗೆ ಸಿಕ್ಕರೆ ವಿಷ ಆಗುತ್ತದೆ.

ಆಮೇಲೆ ಕಾಯುವುದು. ಬೇರೆ ಕೆಲಸವೇ ಇಲ್ಲ. ಸ್ಟೂಲಿನ ಮೇಲೆ ಕೂತು ಪೈಪಿನ ಮೇಲೆ ಬೆರಳಿಟ್ಟು ಕಾಯುವುದು. ಪೈಪು ತಣ್ಣಗಾದರೆ ಹೋಗುತ್ತಿದೆ ಅಂತ. ಅಷ್ಟು ಹೊತ್ತಿನಲ್ಲಿ ಮೈದುನ ತನ್ನ ಅಂಗಡಿಯಲ್ಲಿ ಮೂರು ಫ್ರಿಜ್ಜು ಮುಗಿಸಿ ಚಹಾ ಕುಡಿದಿರುತ್ತಿದ್ದ.

ಸೈಕಲ್ ಅಂಗಡಿಯವನು ಬಾಗಿಲಲ್ಲಿ ನಿಂತು ಕೇಳುತ್ತಿದ್ದ, “ಏನ್ರೀ ಗ್ಯಾಸಪ್ಪನೋರೇ, ಫ್ರಿಜ್ಜಿಗೆ ಬಾಣಂತನ ಮಾಡ್ತಿದ್ದೀರಾ?”

“ಹೂಂ. ಬಾ, ನೀನೂ ಒಂದು ಬಟ್ಟೆ ಹಿಂಡು.”

“ಹುಟ್ಟಿದ್ದು ಏನು?”

“ಏನೂ ಇಲ್ಲ.”

“ಏನೂ ಇಲ್ಲದ್ದಕ್ಕೆ ಇಷ್ಟು ಬಿಸಿನೀರಾ ಗ್ಯಾಸಮ್ಮ?” ಅಂತ ನನ್ನ ಕಡೆ ತಿರುಗಿ ನಗುತ್ತಿದ್ದ. ನಾನೂ ನಗುತ್ತಿದ್ದೆ. ಕೈ ಮಾತ್ರ ಬಟ್ಟೆ ಹಿಂಡುತ್ತಿತ್ತು.

ಮೈದುನ ನಗುತ್ತಿರಲಿಲ್ಲ. ಅವನಿಗೆ ಅಣ್ಣನ ಮೇಲೆ ಪ್ರೀತಿ. ಅದಕ್ಕೇ ಸಿಟ್ಟು.

“ಅಣ್ಣ, ಕಾದಿದ್ದಕ್ಕೆ ಗಿರಾಕಿ ಹತ್ತಿರ ದುಡ್ಡು ಇಸ್ಕೋ.”

“ಅವರು ಕೇಳದೇ ಇದ್ದದ್ದು ನಾನು ಮಾಡ್ತಿರೋದು. ಹೇಗೆ ಕೇಳಲಿ?”

“ಹಾಗಾದ್ರೆ ಮಾಡಬೇಡ. ಊರಲ್ಲಿ ಇರೋ ಅಷ್ಟೂ ಮೆಕ್ಯಾನಿಕ್‌ಗಳು ಬಿಡ್ತಾರೆ. ನೀನೊಬ್ಬ ಹಿಡಿದರೆ ಏನಾಗುತ್ತೆ?”

“ನಾನು ಹಿಡಿದಷ್ಟು ಹೋಗಲ್ಲ.”

“ಅದನ್ನ ಯಾರು ನೋಡ್ತಾರೆ?”

“ಯಾರೂ ನೋಡಲ್ಲ.”

ಇಷ್ಟೇ. ಇವರು ವಾದ ಬೆಳೆಸುವವರಲ್ಲ. ಒಂದೇ ಒಂದು ಸಲ ಬಿಡಿಸಿ ಹೇಳಿದರು. “ಹೊಸ ಗ್ಯಾಸಿಗೆ ರೇಟು ಇದೆ, ಅದನ್ನ ಒಂದು ತೊಟ್ಟೂ ಚೆಲ್ಲಲ್ಲ ನೀನು. ಹಳೇದಕ್ಕೆ ರೇಟಿಲ್ಲ, ಅದಕ್ಕೆ ಬಿಡ್ತೀಯ. ಎರಡೂ ಒಂದೇ ಗ್ಯಾಸು ಕಣೋ.” ಮೈದುನ ಎದ್ದು ಹೋದ. ಅವನ ಮನೆಯಲ್ಲಿ ಉಣ್ಣುವ ಬಾಯಿ ಜಾಸ್ತಿ. ಅದೂ ನನಗೆ ಗೊತ್ತಿತ್ತು.

ನಮ್ಮ ಬೀದಿಯ ಕೊನೆಗೆ ಹಣ್ಣು ತರಕಾರಿ ಇಡುವ ದೊಡ್ಡ ಶೀತಲ ಗೋದಾಮು ಇತ್ತು. ಅದರ ಮಾಲೀಕರು ಹಳೇ ಮಿಶಿನ್ನು ಕಿತ್ತು ಹೊಸದು ಹಾಕಿಸಲು ಹೊರಟರು. ಇವರನ್ನು ಕರೆದರು. ಅಷ್ಟು ದೊಡ್ಡ ಕೆಲಸ ನಮ್ಮ ಅಂಗಡಿಗೆ ಯಾವತ್ತೂ ಬಂದಿರಲಿಲ್ಲ. ಇವರು ಹೋಗಿ ನೋಡಿ, ಗ್ಯಾಸು ತೆಗೆಯೋಕೆ ಒಂದು ತಿಂಗಳು ಬೇಕು ಅಂದರು. ಮಾಲೀಕರು, “ತಿಂಗಳು ಮುಚ್ಚಿದರೆ ನನ್ನ ಮಾಲು ಕೊಳೆಯುತ್ತಲ್ಲಪ್ಪ, ಆ ನಷ್ಟ ನೀವು ಕೊಡ್ತೀರಾ?” ಅಂದರು. ಅವರು ಕೆಟ್ಟವರಲ್ಲ. ಕೇಳಿದ್ದು ನ್ಯಾಯವೇ. ಇವರು ಕೆಲಸ ಬಿಟ್ಟು ಬಂದರು. ಮೈದುನ ಒಪ್ಪಿಕೊಂಡ.

ಒಂದು ಮಧ್ಯಾಹ್ನ ಅವನು ಗೋದಾಮಿನ ಗ್ಯಾಸು ಬಿಟ್ಟ. ಇಡೀ ಬೀದಿಗೆ ಕೇಳಿಸಿತು. ಫ್ರಿಜ್ಜಿನದು ಬುಸ್ಸ್. ಇದು ಬೇರೆ. ರೈಲು ಬಂದು ನಿಂತಂತೆ, ನಿಂತೇ ಇರುವಂತೆ. ನಾಯಿಗಳು ಬೊಗಳಿದವು. ಜನ ಕಿವಿ ಮುಚ್ಚಿಕೊಂಡು ನಗುತ್ತಾ ದಾಟಿದರು. ಇವರು ಹೊರಗೆ ಬಂದು ನಿಂತರು, ಮುಗಿಯುವ ತನಕ ನಿಂತೇ ಇದ್ದರು. ಸದ್ದು ಸಣ್ಣಗಾಗಿ ನಿಂತಾಗ ತಲೆ ಎತ್ತಿ ನೋಡಿದರು. ಆಕಾಶ ಸ್ವಚ್ಛವಾಗಿತ್ತು.

“ಹೊರಟಿತು,” ಅಂದರು. ಬಸ್ಸಿಗೆ ಯಾರನ್ನೋ ಹತ್ತಿಸಿ ಬಂದವರ ಹಾಗೆ.

ಅವತ್ತು ಮೇಲೆ ನೋಡಿದಾಗ ನನಗೆ ತಲೆ ತಿರುಗಿತು. ಅಷ್ಟು ದೊಡ್ಡದು, ಅಷ್ಟು ತೆಳ್ಳಗೆ. ಅದರ ಕೆಳಗೆ ಬಟ್ಟೆ ಒಣಹಾಕುತ್ತಿದ್ದೆವು.

ಇವರು ತಮ್ಮನ ಜೊತೆ ಮಾತು ಬಿಡಲಿಲ್ಲ. ಅವನು ಹೊಸ ಗಾಡಿ ತಂದು ತೋರಿಸಿದಾಗ ಒಂದು ಸುತ್ತು ಕೂತು ಬಂದರು. ಮಾರನೆಯ ದಿನ ಮತ್ತೆ ಐಸ್ ತರಲು ಸೈಕಲ್ ಹತ್ತಿದರು.

ಹೀಗೇ ವರ್ಷಗಳು ಹೋದವು. ಮೂಲೆಯಲ್ಲಿ ಸಿಲಿಂಡರುಗಳ ಸಾಲು ಬೆಳೆಯಿತು. ಒಂದೊಂದು ಫ್ರಿಜ್ಜಿನಿಂದ ಸಿಗುವುದು ಒಂದು ಲೋಟದಷ್ಟು. ಅದೂ ಪೂರ್ತಿ ಬರುವುದಿಲ್ಲ, ಕೊನೆಯ ಗುಟುಕು ಉಳಿದೇ ಉಳಿಯುತ್ತದೆ. ಆ ಗುಟುಕಿಗೆ ಇವರು ಪ್ರತಿ ಸಲವೂ “ಛೆ” ಅನ್ನುತ್ತಿದ್ದರು. ಪ್ರತಿ ವಾರ ದೀಪ ಹಚ್ಚಿ ಸಿಲಿಂಡರುಗಳ ಕತ್ತಿನ ಹತ್ತಿರ ಓಡಿಸುತ್ತಿದ್ದರು. ನೀಲಿ ಇದ್ದರೆ ಮುಖ ಅರಳುತ್ತಿತ್ತು. ಯಾವತ್ತೂ ಒಂದು ಖಾಲಿ ಸಿಲಿಂಡರಿನ ಗಾಳಿ ಎಳೆದು ಸಿದ್ಧ ಇಟ್ಟಿರುತ್ತಿದ್ದರು. “ಏನು ಮಾಡ್ತೀರಿ ಇದನ್ನೆಲ್ಲ?” ಅಂತ ಕೇಳಿದರೆ, “ಇರಲಿ. ಇಲ್ಲಿದೆ ಅಂದ್ರೆ ಅಲ್ಲಿಲ್ಲ,” ಅನ್ನುತ್ತಿದ್ದರು.

ಅವರು ಹೋದದ್ದು ಒಂದು ಬೆಳಿಗ್ಗೆ. ಸ್ಟೂಲಿನ ಮೇಲೆ ಕೂತಿದ್ದರು. ಬೆರಳು ಪೈಪಿನ ಮೇಲಿತ್ತು. ನಾನು ಬಿಸಿ ಬಟ್ಟೆ ಹಿಡಿದು ಬಂದೆ. “ರೀ, ಸರೀರಿ,” ಅಂದೆ. ಸರಿಯಲಿಲ್ಲ. ಭುಜ ಮುಟ್ಟಿದೆ. ಗೋಡೆಗೆ ಒರಗಿದರು. ಫ್ರಿಜ್ಜಿಗೆ ಸುತ್ತಿದ್ದ ಬಟ್ಟೆ ಬೆಚ್ಚಗಿತ್ತು, ಅವರ ಕೈ ತಣ್ಣಗಿತ್ತು.

ನಾನು ಮೊದಲು ವಾಲ್ವ್ ತಿರುಗಿಸಿ ಮುಚ್ಚಿದೆ. ಆಮೇಲೆ ಕೂಗಿಕೊಂಡೆ.

ಆಮೇಲಿನದು ಹೇಳುವುದಿಲ್ಲ. ಗಂಡ ಸತ್ತವರಿಗೆ ಗೊತ್ತು, ಉಳಿದವರಿಗೆ ಹೇಳಿದರೂ ಗೊತ್ತಾಗುವುದಿಲ್ಲ. ನಾನು ಮನೆಯಲ್ಲಿ ಮಲಗುತ್ತಿದ್ದೆ, ಬದುಕುತ್ತಿದ್ದುದು ಆ ಕೋಣೆಯಲ್ಲಿ. ಬೆಳಿಗ್ಗೆ ಶಟರ್ ಎತ್ತಿ ರಬ್ಬರ್ ಕೆಲಸಕ್ಕೆ ಕೂರುತ್ತಿದ್ದೆ. ಸ್ಟೂಲು ಅವರಿಟ್ಟ ಜಾಗದಲ್ಲೇ ಇತ್ತು. ಅವರ ಎಣ್ಣೆ ಬಟ್ಟೆಯ ವಾಸನೆ ಮಧ್ಯಾಹ್ನ ಬಿಸಿಲು ಏರಿದಾಗ ಬರುತ್ತಿತ್ತು. ಅದಕ್ಕಾಗಿ ಕಾಯುತ್ತಿದ್ದೆ. ವಾರಕ್ಕೊಮ್ಮೆ ದೀಪ ಹಚ್ಚುತ್ತಿದ್ದೆ. ಅವರು ಮಾಡುತ್ತಿದ್ದರು, ನಾನೂ ಮಾಡಿದೆ.

ಎರಡನೇ ವರ್ಷ ಕೋಣೆಯ ಮಾಲೀಕರು ಬಂದರು. ಕೋಣೆ ಮಾರುತ್ತೇನೆ ಅಂದರು. “ನೀವೇ ತಗೊಳ್ಳೋದಾದ್ರೆ ಮೊದಲು ನಿಮಗೇ ಕೊಡ್ತೀನಮ್ಮ. ಆಗಲ್ಲ ಅಂದ್ರೆ ಖಾಲಿ ಮಾಡಬೇಕು.” ನನ್ನ ಕೈಯಲ್ಲಿ ಏನಿದೆ? ರಬ್ಬರ್ ಇದೆ.

ಅದೇ ಹೊತ್ತಿಗೆ ಮೈದುನ ಒಬ್ಬ ವ್ಯಾಪಾರಿಯನ್ನು ಕರೆದುಕೊಂಡು ಬಂದ. ಆ ಹಳೇ ಗ್ಯಾಸು ಮಾಡುವ ಕಾರ್ಖಾನೆಗಳೆಲ್ಲ ನಿಂತುಹೋಗಿದ್ದವಂತೆ. ಮಾಡಬಾರದು ಅಂತ ದೇಶಗಳೆಲ್ಲ ಸೇರಿ ಒಪ್ಪಿಕೊಂಡಿದ್ದವಂತೆ. ಹಳೇ ಮಿಶಿನ್ನುಗಳು ಮಾತ್ರ ಇನ್ನೂ ಓಡುತ್ತಿದ್ದವು. ಅವಕ್ಕೆ ಅದೇ ಗ್ಯಾಸು ಬೇಕು. ಎಲ್ಲೂ ಸಿಗದು. ವ್ಯಾಪಾರಿ ಮೂಲೆಯ ಸಾಲನ್ನು ನೋಡಿ ಕನ್ನಡಕ ತೆಗೆದು ಒರೆಸಿಕೊಂಡ. ಅವನು ಹೇಳಿದ ಬೆಲೆ ಕೇಳಿ ನಾನು ಕೂತೆ. ಕೋಣೆ ನನ್ನದಾಗುತ್ತಿತ್ತು. ಮೇಲೆ ಮಿಗುತ್ತಿತ್ತು.

“ಅಣ್ಣ ನಿಮಗೆ ಅಂತಾನೇ ಕೂಡಿಟ್ಟು ಹೋಗಿದ್ದಾನೆ ಅತ್ತಿಗೆ,” ಅಂದ ಮೈದುನ. ಅವನ ಕಣ್ಣಲ್ಲಿ ನೀರಿತ್ತು.

ಸುದ್ದಿ ಬೀದಿಗೆ ಹಬ್ಬಿತು. ಸೈಕಲ್ ಅಂಗಡಿಯವನು ರಸ್ತೆ ದಾಟಿ ಬಂದ. “ಭಲೇ ಗ್ಯಾಸಪ್ಪ! ನಾವೆಲ್ಲ ಹುಚ್ಚ ಅಂದ್ಕೊಂಡ್ವಿ. ಒಳಗೊಳಗೇ ಎಂಥಾ ಲೆಕ್ಕಾಚಾರ! ರೇಟು ಏರುತ್ತೆ ಅಂತ ಮೊದಲೇ ಗೊತ್ತಿತ್ತು ಪುಣ್ಯಾತ್ಮನಿಗೆ.”

ಬದುಕಿದ್ದಾಗ ಹುಚ್ಚ ಅಂದಿದ್ದರು. ಅದು ನನಗೆ ತಾಗಿರಲಿಲ್ಲ. ಸತ್ತ ಮೇಲೆ ಜಾಣ ಅಂದರು. ಅದು ಚುಚ್ಚಿತು.

ವ್ಯಾಪಾರಿಯನ್ನು ಕೇಳಿದೆ, “ತಗೊಂಡು ಹೋಗಿ ಏನು ಮಾಡ್ತೀರಿ?”

“ಹಳೇ ಮಿಶಿನ್‌ಗಳಿಗೆ ತುಂಬ್ತೀವಮ್ಮ.”

“ಹಳೇವು ಅಂದ್ರೆ ಸೋರಲ್ವಾ?”

ಅವನು ನಕ್ಕ. “ಸೋರಿದ್ರೆ ತಾನೇ ಮತ್ತೆ ನಮ್ಮನ್ನ ಕರೆಯೋದು? ನಮ್ಮ ಹೊಟ್ಟೆ ತುಂಬೋದೇ ಸೋರಿಕೆಯಿಂದ.” ಸುಳ್ಳು ಹೇಳಲಿಲ್ಲ. ಅದಕ್ಕೆ ಅವನ ಮೇಲೆ ಸಿಟ್ಟು ಬರಲಿಲ್ಲ.

ಕೋಣೆ ಉಳಿಯಬೇಕಾದರೆ ಗ್ಯಾಸು ಹೋಗಬೇಕು. ಗ್ಯಾಸು ಕೊಡದಿದ್ದರೆ ಕೋಣೆ ಹೋಗುತ್ತದೆ. ಸ್ಟೂಲು, ಗೋಡೆ, ಗೋಡೆಯ ಮೇಲೆ ಅವರ ತಲೆ ಒರಗಿದ ಜಾಗ. ನಾನು ವ್ಯಾಪಾರಿಗೆ “ಆಗಲಿ, ಶನಿವಾರ ಗಾಡಿ ತನ್ನಿ” ಅಂದೆ.

ಶುಕ್ರವಾರ ಬೆಳಿಗ್ಗೆ ದೀಪ ಹಚ್ಚಿದೆ. ಕೊಡುವ ಮುಂಚೆ ಕೊನೆಯ ಸಲ ನೋಡೋಣ ಅಂತ. ಶಟರ್ ಎತ್ತಿದ್ದೆ, ಹಿಂಬಾಗಿಲು ತೆಗೆದಿದ್ದೆ. ಸಾಲಿನ ಉದ್ದಕ್ಕೂ ನೀಲಿ. ಕೊನೆಯ ಸಿಲಿಂಡರಿನ ಹತ್ತಿರ ಉರಿ ಹಸಿರಾಯಿತು.

ಕೊನೆಯದು ಅಂದರೆ ಅವರು ಹೋದ ದಿನ ತುಂಬುತ್ತಿದ್ದದ್ದು. ನಾನು ಮುಚ್ಚಿದ್ದು.

ಬಿಗಿ ಮಾಡಿದೆ. ಹಸಿರು. ಇನ್ನೂ ಬಿಗಿ ಮಾಡಿದೆ. ಹಸಿರು. ವಾಲ್ವಿನೊಳಗಿನ ವಾಷರ್ ಸತ್ತಿತ್ತು. ಅವರು ಎಳೆದಿಟ್ಟದ್ದು, ಒಂದೊಂದು ಲೋಟ, ನನ್ನ ಕಣ್ಣೆದುರಿಗೆ ಹೋಗುತ್ತಿತ್ತು. ಸದ್ದು ಕೂಡ ಇಲ್ಲ.

ದೀಪ ಆರಿಸಿದೆ. ಅಂಗಳಕ್ಕೆ ಹೋಗಿ ಒಲೆ ಹಚ್ಚಿ ನೀರಿಟ್ಟೆ. ಮೈದುನನಿಗೆ ಫೋನ್ ಮಾಡಿದೆ. “ಐಸ್ ಫ್ಯಾಕ್ಟರಿಗೆ ಹೋಗಿ ಒಂದು ಗಟ್ಟಿ ಐಸ್ ತಗೊಂಡು ಬಾ. ಕಲ್ಲುಪ್ಪು ತಾ.”

ಬಂದ. ನೋಡಿದ. “ಅತ್ತಿಗೆ, ನಾಳೆ ಹೇಗೂ ಅವನು ತಗೊಂಡು ಹೋಗ್ತಾನೆ. ಒಂದು ದಿನದಲ್ಲಿ ಎಷ್ಟು ಸೋರುತ್ತೆ? ಬಿಡಿ.”

“ಐಸ್ ಒಡೆ,” ಅಂದೆ.

ಒಡೆದ. ಅವರು ಸಿದ್ಧ ಇಟ್ಟಿದ್ದ ಖಾಲಿ ಸಿಲಿಂಡರ್ ತಂದು ಬಕೆಟ್ಟಿನಲ್ಲಿ ಇಟ್ಟೆ. ಎರಡು ವರ್ಷದಿಂದ ಅದು ಹಾಗೇ ಇತ್ತು, ಗಾಳಿಯೂ ಇಲ್ಲದೆ, ಬಾಯಿ ಮುಚ್ಚಿಕೊಂಡು. ಸುತ್ತ ಐಸ್, ಮೇಲೆ ಉಪ್ಪು. ಪೈಪು ಹಾಕಿದೆ. ಸೋರುವ ಸಿಲಿಂಡರಿಗೆ ಬಿಸಿ ಬಟ್ಟೆ ಸುತ್ತಿದೆ. ಆ ಕಡೆ ಈ ಕಡೆ ವಾಲ್ವ್ ತೆರೆದೆ.

“ಈಗ?” ಅಂದ ಮೈದುನ.

“ಈಗ ಕೂರೋದು.”

ಅವನು ನಿಂತೇ ಇದ್ದ. ಎರಡು ಬಟ್ಟೆ ಬದಲಾದ ಮೇಲೆ ಕೂತ. ಅಣ್ಣನ ಸ್ಟೂಲಿನ ಮೇಲೆ ಕೂರಲಿಲ್ಲ, ನೆಲದ ಮೇಲೆ ಕೂತ. ಫೋನ್ ಬಂತು, ತೆಗೆಯಲಿಲ್ಲ. ನಾನು ಅವನ ಕೈ ಹಿಡಿದು ಬೆರಳನ್ನು ಪೈಪಿನ ಮೇಲೆ ಇಟ್ಟೆ. ಪೈಪು ತಣ್ಣಗಾಗುತ್ತಾ ಬಂತು. ಸಿಲಿಂಡರಿನ ಕತ್ತಿಗೆ ಸಣ್ಣಗೆ ಬಿಳಿ ಹೂವಿನ ಹಾಗೆ ಮಂಜು ಹಿಡಿಯಿತು. ಗಾಳಿಯಿಂದ, ಎಲ್ಲಿಂದಲೋ, ತಾನಾಗಿ ಬಂದು ಕೂರುತ್ತದೆ. ಜೀವನವಿಡೀ ಫ್ರಿಜ್ಜಿನಲ್ಲೇ ಕಳೆದವನು ಅದನ್ನು ಈಗ ಮೊದಲು ಕಂಡವನಂತೆ ಬಗ್ಗಿ ನೋಡಿದ.

“ಯಾರೂ ಎಳೀತಿಲ್ಲ,” ಅಂದ. “ಮಿಶಿನ್ ಇಲ್ಲ, ಕರೆಂಟ್ ಇಲ್ಲ. ತಾನೇ ಹೋಗ್ತಿದೆ.”

“ಹೂಂ.”

“ಅಣ್ಣ ದಿನಾ ಇಷ್ಟು ಹೊತ್ತು ಕೂರ್ತಿದ್ನಾ?”

“ದಿನಾ.”

“ಏನು ಮಾಡ್ತಿದ್ದ?”

“ಏನೂ ಮಾಡ್ತಿರಲಿಲ್ಲ. ಕೂತಿರ್ತಿದ್ರು.”

ಅವನು ತಲೆ ತಗ್ಗಿಸಿದ. “ಗೋದಾಮಿನ ದಿನ ಅವನು ಏನಂದ ಅತ್ತಿಗೆ?”

“ಹೊರಟಿತು ಅಂದ್ರು.”

“ನನ್ನನ್ನ ಬೈದನಾ?”

“ಇಲ್ಲ ಕಣೋ. ನಿನ್ನ ಸುದ್ದಿಯೇ ಎತ್ತಲಿಲ್ಲ.”

ಬಟ್ಟೆ ಆರಿತ್ತು. ನಾನು ಏಳುವ ಮೊದಲೇ ಅವನು ಎದ್ದು ಅಂಗಳಕ್ಕೆ ಹೋದ. ಬಿಸಿನೀರಿಗೆ ಕೈ ಹಾಕಿ “ಅಯ್ಯಯ್ಯೋ” ಅಂದ. ಅಷ್ಟು ಬಿಸಿ ಬೇಕು ಅಂತ ಅವನಿಗೆ ಗೊತ್ತಿರಲಿಲ್ಲ. ನನಗೆ ನಗು ಬಂತು. ಇವರು ಹೋದ ಮೇಲೆ ಆ ಕೋಣೆಯಲ್ಲಿ ನಾನು ನಕ್ಕದ್ದು ಅವತ್ತೇ.

ಸಂಜೆಗೆ ಮುಗಿಯಿತು. ಕೊನೆಯ ಗುಟುಕು ಉಳಿಯಿತು. “ಛೆ,” ಅಂದ ಮೈದುನ. ಅದೇ ದನಿ. ನಾನು ತಿರುಗಿ ನೋಡಿದೆ. ಅವನಿಗೆ ಗೊತ್ತೇ ಆಗಿರಲಿಲ್ಲ.

ಆಗ ಹೇಳಿದೆ. “ನಾಳೆ ಗಾಡಿ ಬೇಡ ಅಂತ ಅವನಿಗೆ ಹೇಳು.”

“ಅತ್ತಿಗೆ, ಕೋಣೆ?”

“ಒಂದು ಸಿಲಿಂಡರಿಗೆ ಬೆಳಿಗ್ಗೆಯಿಂದ ಕೂತಿದ್ದೀವಿ. ಇನ್ನು ಉಳಿದಷ್ಟನ್ನ ಅವನಿಗೆ ಕೊಟ್ಟು ಸೋರಿಸಲಾ? ಹಾಗೆ ಕೊಟ್ಟರೆ ಸೈಕಲ್ ಅಂಗಡಿಯವನು ಹೇಳಿದ್ದೇ ನಿಜ ಆಗುತ್ತೆ. ನಿಮ್ಮಣ್ಣ ವ್ಯಾಪಾರ ಮಾಡಿದ ಹಾಗಾಗುತ್ತೆ.”

“ಕೋಣೆ ಹೋದ್ರೆ ನೀವು ಎಲ್ಲಿ ಕೂರ್ತೀರಿ?”

“ನಿನ್ನ ಅಂಗಡಿ ಮುಂದೆ ಜಾಗ ಇಲ್ವೇನೋ?”

ಅವನು ವಾದ ಮಾಡಲಿಲ್ಲ. ಅಣ್ಣನಿಗೂ ತನಗೂ ಕ್ಲಾಸು ಮಾಡಿದ್ದ ಫ್ರಿಜ್ ಕಂಪನಿಗೆ ಫೋನ್ ಮಾಡಿದ. ಒಬ್ಬರು ಇನ್ನೊಬ್ಬರಿಗೆ, ಅವರು ಮತ್ತೊಬ್ಬರಿಗೆ. ಕೊನೆಗೆ ಒಂದು ಸಿಮೆಂಟ್ ಕಾರ್ಖಾನೆ ಸಿಕ್ಕಿತು. ಅಲ್ಲಿ ಸುಣ್ಣದ ಕಲ್ಲು ಸುಡುವ ಗೂಡಿನ ಉರಿಗೆ ಈ ಗ್ಯಾಸನ್ನು ಬಿಟ್ಟರೆ ಅದು ಪೂರಾ ಒಡೆದುಹೋಗುತ್ತದಂತೆ, ವಿಷವೂ ಉಳಿಯುವುದಿಲ್ಲವಂತೆ. ದುಡ್ಡು ಕೊಡುವುದಿಲ್ಲ, ಕೇಳುವುದೂ ಇಲ್ಲ, ತಂದುಕೊಡಿ ಅಂದರು.

ಮೈದುನನ ಗಾಡಿಯಲ್ಲಿ ಹಾಕಿಕೊಂಡು ಹೋದೆವು. ಅಲ್ಲಿ ನಾನು ಕಂಡದ್ದನ್ನು ಹೇಗೆ ಹೇಳಲಿ? ಆ ಗೂಡು ಅಂದರೆ ನಮ್ಮ ಬೀದಿಯಷ್ಟು ಉದ್ದದ ಕಬ್ಬಿಣದ ಕೊಳವೆ, ಮಲಗಿಕೊಂಡು, ಮೆಲ್ಲಗೆ ಉರುಳುತ್ತಿತ್ತು. ನೆಲ ನಡುಗುತ್ತಿತ್ತು, ನನ್ನ ಹಲ್ಲೂ ನಡುಗುತ್ತಿತ್ತು. ಅಲ್ಲಿನ ಕೆಲಸಗಾರ ಒಂದು ಕಪ್ಪು ಗಾಜು ಕೊಟ್ಟ. “ಇದನ್ನ ಹಿಡಿದು ನೋಡಿ ತಾಯಿ. ಬರಿಗಣ್ಣಲ್ಲಿ ನೋಡಬೇಡಿ.” ನೋಡಿದೆ. ಅದು ಕೆಂಪು ಬೆಂಕಿ ಅಲ್ಲ. ಬಿಳಿ. ಬೆಳಕೇ ಗಟ್ಟಿಯಾಗಿ ಸುತ್ತುತ್ತಿರುವ ಹಾಗೆ. ಮನುಷ್ಯರು ಇಂಥದ್ದನ್ನು ಮಾಡಿ, ಪಕ್ಕದಲ್ಲಿ ಡಬ್ಬಿ ಬಿಚ್ಚಿ ಊಟ ಮಾಡುತ್ತಿದ್ದರು.

ಸಿಲಿಂಡರಿಗೆ ಪೈಪು ಹಾಕಿದರು. ಒಂದಾದ ಮೇಲೆ ಒಂದು. ಇವರ ಬೆರಳು, ನನ್ನ ಬಿಸಿನೀರು, ಅಷ್ಟು ವರ್ಷ. ಬಿಳಿ ಉರಿ ಬಿಳಿಯಾಗಿಯೇ ಇತ್ತು. ಹೊರಗೆ ಬಂದು ಚಿಮಣಿ ನೋಡಿದೆ. ವಿಶೇಷವೇನೂ ಇಲ್ಲ.

“ಆಯ್ತಾ?” ಅಂತ ಕೇಳಿದೆ.

“ಆಯ್ತು ತಾಯಿ.”

“ಏನೂ ಆಗಲಿಲ್ಲವಲ್ಲ.”

“ಏನೂ ಆಗಬಾರದು ಅಂತಾನೇ ಮಾಡೋದು,” ಅಂತ ಅವನು ಖಾಲಿ ಸಿಲಿಂಡರ್ ಉರುಳಿಸಿಕೊಂಡು ಹೋದ.

ತಿಂಗಳ ಕೊನೆಗೆ ಕೋಣೆ ಬಿಟ್ಟೆ. ಸಾಮಾನು ಮೈದುನನ ಅಂಗಡಿಗೆ ಹೋಯಿತು. ಸ್ಟೂಲೂ ಹೋಯಿತು. ಈಗ ಅವನು ಅದರ ಮೇಲೆ ಕೂರುತ್ತಾನೆ. ಹಳೇ ಫ್ರಿಜ್ಜು ಬಂದರೆ ಐಸ್ ತರಿಸುತ್ತಾನೆ. ಎಲ್ಲ ಸಲವೂ ಅಲ್ಲ. ಗಿರಾಕಿ ಜಾಸ್ತಿ ಇದ್ದ ದಿನ ನನ್ನ ಮುಖ ನೋಡುತ್ತಾನೆ, ನಾನು ರಬ್ಬರ್ ನೋಡುತ್ತೇನೆ. ಒಮ್ಮೊಮ್ಮೆ ಎದ್ದು ನೀರಿಡುತ್ತೇನೆ.

ಕೋಣೆ ಬಿಟ್ಟ ದಿನ, ಎಲ್ಲ ಖಾಲಿಯಾದ ಮೇಲೆ, ಬೀಗ ಹಾಕುವ ಮುಂಚೆ ದೀಪ ಹಚ್ಚಿದೆ. ಸಿಲಿಂಡರುಗಳು ನಿಂತಿದ್ದ ಮೂಲೆಯಲ್ಲಿ ದುಂಡನೆಯ ತುಕ್ಕಿನ ಗುರುತುಗಳಿದ್ದವು. ಒಂದೊಂದರ ಮೇಲೂ ಕೊಳವೆ ಹಿಡಿದೆ. ನೆಲದ ಹತ್ತಿರ ಹಿಡಿದೆ. ಅವರು ತಲೆ ಒರಗಿಸಿದ ಗೋಡೆಯ ಹತ್ತಿರ ಹಿಡಿದೆ. ನೀಲಿ. ಎಲ್ಲ ಕಡೆ ನೀಲಿ.

ಹೊರಗೆ ಬಂದು ಮೇಲೆ ನೋಡಿದೆ. ಅವರು ಮೊದಮೊದಲು ಬಿಟ್ಟದ್ದು ಇಷ್ಟು ಹೊತ್ತಿಗೆ ಅಲ್ಲಿಗೆ ಮುಟ್ಟಿರುತ್ತದೆ. ಆಮೇಲೆ ಹಿಡಿದಿಟ್ಟದ್ದು ಮುಟ್ಟುವುದಿಲ್ಲ. ಆಕಾಶ ಬೆಳ್ಳಗೆ ತೊಳೆದಂತಿತ್ತು. ಸೈಕಲ್ ಅಂಗಡಿಯವನು ಎದುರಿಂದ ಕೂಗಿದ.

“ಏನು ನೋಡ್ತಿದ್ದೀರಿ ಗ್ಯಾಸಮ್ಮ?”

“ಏನೂ ಇಲ್ಲ,” ಅಂದೆ. ಶಟರ್ ಎಳೆದೆ.